ಹೆಗಲ ಮೇಲಿನ ಕಂಬಳಿ ವೇದಿಕೆ ಹತ್ತಿದ ಕತೆ

ಶೇಂಗಾ ಕಿತ್ತು, ಬಳ್ಳಿ ಬಣವೆ ಒಟ್ಟಿ ಆಯ್ತು. ಎರಡು ದಿನ ಪುರುಸೊತ್ತು ಸಿಕ್ಕಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ. ಬಿಡುವಾದಾಗ ಓದಿ.

ಹೋದ ತಿಂಗಳು ಪಕ್ಕದ ಊರಿನ ಕಾರ್ಯಕ್ರಮದಲ್ಲಿ ಕೆಲವು ರೈತರಿಗೆ ಸನ್ಮಾನ ಮಾಡಿದ್ರು. ನಾನೂ ಒಬ್ಬ. ಹಾರ, ಹಣ್ಣಿನ ಬುಟ್ಟಿ, ಹೆಗಲಿಗೆ ಒಂದು ಕರಿ ಕಂಬಳಿ. ಮನೆಗೆ ಬಂದ ಮೇಲೆ ನಮ್ಮವ್ವ ಅದನ್ನ ಕೈಯಲ್ಲಿ ತಿಕ್ಕಿ, ಮೂಸಿ ನೋಡಿ, "ಇದರಾಗೆ ಕುರಿ ವಾಸನೇನೇ ಇಲ್ವಲ್ಲಪ್ಪಾ" ಅಂದ್ಲು. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದೆ. ಕರಗಿ ಗಟ್ಟಿ ಉಂಡೆ ಆಯ್ತು. ಉಣ್ಣೆ ಆಗಿದ್ರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದ್ರೆ ಬೂದಿ ಉದುರ್ತಿತ್ತು. ಇದು ಪ್ಲಾಸ್ಟಿಕ್ ದಾರದ್ದು. ಕೊಟ್ಟೋರ ಮೇಲೆ ನನಗೆ ಬೇಜಾರಿಲ್ಲ, ಅವರೂ ಕಂಬಳಿ ಅಂತಲೇ ತಂದಿದ್ದು. ಆದ್ರೆ ಕಂಬಳಿಗೇ ಹೆಸರಾದ ಚಳ್ಳಕೆರೆ ಸೀಮೇಲಿ ಹಿಂಗ್ಯಾಕಾಯ್ತು ಅನ್ನೋ ಯೋಚನೆ ಬಿಡಲಿಲ್ಲ.

ಕಂಬಳಿ ನಮ್ಮಲ್ಲಿ ನಿನ್ನೆ ಮೊನ್ನೆದಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಬುಕಾನನ್ ಅನ್ನೋ ವೈದ್ಯನನ್ನ ಈ ನಾಡು ನೋಡಿಕೊಂಡು ಬಾ ಅಂತ ಕಳಿಸಿದ್ರು. ಅವನು 1800-01ರಲ್ಲಿ ಮೈಸೂರು ಸೀಮೆ ಸುತ್ತಿ, ಬೆಳೆ, ಕೆರೆ, ಕೂಲಿ ಎಲ್ಲ ಬರೆದುಕೊಂಡ. ಕುರುಬರು ಕುರಿ ಸಾಕೋದು, ಕಂಬಳಿ ನೇಯೋದು ಅದರಲ್ಲಿದೆ. ನಮ್ಮ ಕಡೆ ಮಾತ್ರ ಅಲ್ಲ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯೂ ಕಂಬಳಿಗೆ ಹೆಸರುವಾಸಿ. ಆಂಧ್ರ, ತೆಲಂಗಾಣದ ಕಡೆ ಇದನ್ನೇ ಗೊಂಗಡಿ ಅಂತಾರೆ, ಮರಾಠಿಯವರು ಘೋಂಗಡಿ ಅಂತಾರೆ. ಕುರಿ ಒಂದೇ, ದಖನಿ ಕುರಿ. ಕಲ್ಲು ನೆಲ, ಬಿಸಿಲು, ದಿನಕ್ಕೆ ಹತ್ತಾರು ಮೈಲಿ ನಡಿಗೆ, ಎಲ್ಲಾ ತಡೆಯೋ ಜಾತಿ. ಉಣ್ಣೆ ಒರಟು, ಬಣ್ಣ ಹುಟ್ಟು ಕಪ್ಪು. ಅದಕ್ಕೇ ಕಂಬಳಿಗೆ ಬಣ್ಣ ಹಾಕೋ ಖರ್ಚೇ ಇರಲಿಲ್ಲ.

ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಿದ್ರು. ಉಣ್ಣೆ ಬಿಡಿಸಿ, ಬಿಲ್ಲಲ್ಲಿ ಎಕ್ಕಿ, ಹೆಣ್ಣುಮಕ್ಕಳು ರಾಟೆಯಲ್ಲಿ ನೂಲೋರು. ಹಾಸಿನ ನೂಲಿಗೆ ಹುಣಸೆಬೀಜ ಬೇಯಿಸಿ ಅರೆದ ಸರಿ ಬಳಿದು ಬಿಸಿಲಿಗೆ ಒಣಗಿಸೋರು. ಆಮೇಲೆ ಗಂಡಸರು ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯೋರು. ಹೊಸ ಕಂಬಳಿ ತಗಡಿನ ಹಂಗೆ ಬಿರುಸಾಗಿ ಇರೋದು ಆ ಹುಣಸೆಬೀಜದಿಂದ. ಒಂದು ಮಳೆಗಾಲ ಹೊದ್ದ ಮೇಲೆ ಅದು ಮೈಗೆ ಒಗ್ಗುತ್ತೆ.

ನಾವು ನೇಯೋರಲ್ಲ, ಕೊಳ್ಳೋರು. ಆದ್ರೆ ನಮ್ಮಪ್ಪನ ಹೆಗಲ ಮೇಲೆ ಕಂಬಳಿ ಇಲ್ಲದ ದಿನ ನನಗೆ ನೆನಪಿಲ್ಲ. ಮಳೆ ಬಂದ್ರೆ ಮಡಚಿ ತಲೆ ಮೇಲೆ ಕೊಪ್ಪೆ, ಕಣ ಕಾಯೋ ರಾತ್ರಿ ಹೊದಿಕೆ, ಮಧ್ಯಾಹ್ನ ಬೇವಿನ ಮರದ ಕೆಳಗೆ ಹಾಸಿಗೆ, ಸಂತೆಯಿಂದ ಬರುವಾಗ ಕಾಳು ಕಟ್ಟೋ ಗಂಟು. ಉಣ್ಣೆಯಲ್ಲಿ ಜಿಡ್ಡು ಇರೋದಕ್ಕೆ ಸಣ್ಣ ಮಳೆ ಮೇಲಿಂದಲೇ ಜಾರಿ ಹೋಗೋದು. ನೆಂದರೂ ಬೆಚ್ಚಗೆ ಇರೋದು.

ದಿನಾ ಬಳಸೋ ವಸ್ತು ಅಂತಲೇ ಅದಕ್ಕೆ ಮರ್ಯಾದೆನೂ ಇತ್ತು. ಕಂಬಳಿ ಗದ್ದಿಗೆ ಹಾಕಿ ದೇವರನ್ನ ಕೂರಿಸೋರು, ಪಂಚಾಯ್ತಿಗೆ ಹಿರಿಯರನ್ನ ಕೂರಿಸೋರು. ಮೈಲಾರಲಿಂಗನ ಗೊರವರಿಗೆ ಕರಿ ಕಂಬಳಿಯೇ ನಿಲುವಂಗಿ. ಮದುವೇಲಿ ಬೀಗರಿಗೆ ಕಂಬಳಿ ಹೊದಿಸಿದ್ರೆ ಅದು ದೊಡ್ಡ ಉಡುಗೊರೆ. ಇಸಕೊಂಡೋರು ಹತ್ತಿಪ್ಪತ್ತು ವರ್ಷ ಹೊದೀತಿದ್ರು, ಕೊಟ್ಟೋರ ಹೆಸರು ಹೇಳ್ತಿದ್ರು.

ಹಂಗಾದ್ರೆ ಹೋಗಿದ್ದು ಹೆಂಗೆ? ಒಬ್ಬರ ತಪ್ಪು ಅಲ್ಲ. ಕೊಡೆ ಬಂತು, ಪ್ಲಾಸ್ಟಿಕ್ ಹಾಳೆ ಬಂತು, ಸ್ವೆಟರ್ ಬಂತು. ಪಾಣಿಪತ್ ಕಡೆಯಿಂದ ಹಳೇ ಬಟ್ಟೆ ಕಿತ್ತು ಮಿಷನ್ನಲ್ಲಿ ನೇಯ್ದ ಹೊದಿಕೆ ಅಗ್ಗಕ್ಕೆ ಸಿಕ್ಕಿತು. ಇನ್ನೊಂದು ಕಡೆ ಮಾಂಸದ ರೇಟು ಏರಿತು. ಬೇಗ ತೂಕ ಬರೋ, ಉಣ್ಣೆ ಇಲ್ಲದ ಕುರಿ ಜಾಸ್ತಿ ಆದವು. 2010ರ ಆಸುಪಾಸು ಉಳ್ಳಾರ್ತಿ, ಕುದಾಪುರದ ಕಡೆ ಸಾವಿರಾರು ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯ್ತು. ಅಮೃತಮಹಲ್ ದನ ಮೇಯ್ದ ಆ ಕಾವಲಲ್ಲೇ ನಮ್ಮ ಕುರಿಗಳೂ ಮೇಯ್ತಿದ್ದವು. ಬೇಲಿ, ಗೋಡೆ ಬಂದ ಮೇಲೆ ಮೇವಿಗೆ ದೂರ ಹೋಗಬೇಕಾಯ್ತು.

ನಮ್ಮದೂ ತಪ್ಪಿದೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಚಳಿಗಾಲದಲ್ಲಿ ಅಪ್ಪ ಕಂಬಳಿ ಹೊದ್ದುಕೊಂಡು ಹೋಗು ಅಂದ್ರೆ ನಾಚಿಕೆ ಆಗಿ ಬಿಟ್ಟು ಹೋಗ್ತಿದ್ದೆ. ಕಂಬಳಿ ಹೊದ್ದೋನು ಹಳ್ಳಿ ಗಮಾರ ಅಂತ ಹುಡುಗರು ಆಡಿಕೊಳ್ಳೋರು. ಅದೇ ಕಂಬಳಿಯನ್ನ ಈಗ ವೇದಿಕೆ ಮೇಲೆ ಹೊದಿಸಿದ್ರೆ ಕೈ ಮುಗಿದು ಫೋಟೋಗೆ ನಿಲ್ತೀನಿ. ದಿನಾ ಹೊದಿಯೋದು ಬಿಟ್ವಿ, ಸನ್ಮಾನಕ್ಕೆ ಮಾತ್ರ ಇಟ್ಕೊಂಡ್ವಿ. ಐದು ನಿಮಿಷ ಹೊದ್ದು ಮಡಚಿಡೋ ವಸ್ತು ಉಣ್ಣೇದೋ ಪ್ಲಾಸ್ಟಿಕ್ಕೋ ಯಾರು ನೋಡ್ತಾರೆ? ಮಳೇಲಿ ನಿಂತೋನಿಗೆ ಮಾತ್ರ ಅದು ಗೊತ್ತಾಗೋದು.

ಸನ್ಮಾನ ಆದ ವಾರದಲ್ಲೇ ನಮ್ಮ ಪಕ್ಕದ ಹೊಲದ ಕುರಿ ತಮ್ಮ ಉಣ್ಣೆ ಕತ್ತರಿಸಿ ತಿಪ್ಪೆಗೆ ಸುರೀತಿದ್ದ. ಯಾಕೋ ಅಂದೆ. "ಮಾರಿದ್ರೆ ಕತ್ತರಿಸಿದ ಕೂಲಿನೂ ಹುಟ್ಟಲ್ಲ ಕಣಣ್ಣ, ಮೈ ಹಗುರ ಆಗ್ಲಿ ಅಂತ ಕತ್ತರಿಸ್ತೀನಿ ಅಷ್ಟೇ" ಅಂದ. ಉಣ್ಣೆ ತಿಪ್ಪೆಗೆ, ಪ್ಲಾಸ್ಟಿಕ್ ನನ್ನ ಹೆಗಲಿಗೆ. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಉಳಿದಿದ್ದ ಎರಡು ಚೀಲ ಉಣ್ಣೆ ಅವನ ಹತ್ರ ದುಡ್ಡು ಕೊಟ್ಟು ಇಸಕೊಂಡು, ಮಗ್ಗ ಇನ್ನೂ ಇಟ್ಟಿರೋ ಒಬ್ಬ ಹಿರಿಯರ ಮನೆಗೆ ಹೋದೆ. ಅವರಂದ್ರು, "ನೇಯೋಕೆ ನಾನಿದೀನಿ, ನೂಲೋಕೆ ಈಗ ಒಬ್ಬಳೇ ಮುದುಕಿ. ಶಿವರಾತ್ರಿವರೆಗೂ ಕಾಯಬೇಕು." ಕಾಯ್ತೀನಿ ಅಂದೆ. ನೂಲೋ ಕೂಲಿ, ನೇಯೋ ಕೂಲಿ ಸೇರಿ ಅಂಗಡಿ ಕಂಬಳಿಗಿಂತ ಬಹಳ ಜಾಸ್ತಿ ಬೀಳುತ್ತೆ. ಬೀಳಲಿ. ಯುಗಾದಿ ಕಳೆದ ಮೇಲೆ ಮಗಳ ಮದುವೆ, ಬೀಗರಿಗೆ ಒಂದು. ಇನ್ನೊಂದು ನನಗೆ, ಮುಂದಿನ ಮುಂಗಾರಿಗೆ ಹೊದ್ದು ಬಿತ್ತನೆಗೆ ಹೋಗೋಕೆ.

ನಿಮ್ಮ ಮನೆ ಅಟ್ಟದ ಮೇಲೆ ಅಪ್ಪನದೋ ತಾತನದೋ ಕಂಬಳಿ ಇದ್ರೆ ನುಸಿ ತಿನ್ನೋ ಮುಂಚೆ ಇಳಿಸಿ, ಕೊಡವಿ ಬಿಸಿಲಿಗೆ ಹಾಕಿ. ಸನ್ಮಾನಕ್ಕೆ ಕಂಬಳಿ ತರೋ ಜವಾಬ್ದಾರಿ ನಿಮ್ಮ ಮೇಲೆ ಬಿದ್ರೆ, ಒಂದು ಎಳೆ ಸುಟ್ಟು ನೋಡಿ ತನ್ನಿ.