ಯೂಸ್‌ನೆಟ್: ಹೆಸರಿಲ್ಲದ ಮಾತಿನ ಹೊಣೆ

ಗಣಕಯಂತ್ರಗಳ ಮೂಲಕ ನಡೆಯುವ ಸಾರ್ವಜನಿಕ ಚರ್ಚೆಯಲ್ಲಿ ಮಾತು ಹದ ತಪ್ಪುವುದಕ್ಕೆ ಅನಾಮಧೇಯತೆಯೇ ಮೂಲ ಕಾರಣವೆಂಬ ಅಭಿಪ್ರಾಯ ಇಂದು ಬಲವಾಗಿ ಬೇರೂರಿದ್ದು, ಬರೆಯುವವರೆಲ್ಲರೂ ನಿಜನಾಮವನ್ನೇ ಬಳಸಬೇಕೆಂಬ ಬೇಡಿಕೆ ಹಲವು ದೇಶಗಳಲ್ಲಿ ಆಗಾಗ ಕೇಳಿಬರುತ್ತಿರುತ್ತದೆ. ಈ ಅಭಿಪ್ರಾಯವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಇಂತಹ ಚರ್ಚೆಯ ಮೊದಲ ದೊಡ್ಡ ತಾಣವಾಗಿದ್ದ ಯೂಸ್‌ನೆಟ್‌ನ ಆರಂಭಕಾಲದ ಚರಿತ್ರೆಯಷ್ಟು ಒದಗಿಬರುವ ಸಾಮಗ್ರಿ ಬೇರೆ ಇಲ್ಲ.

ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಕಲ್ಪಿಸಿಕೊಂಡ ಈ ವ್ಯವಸ್ಥೆಗೆ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲೊವಿನ್ ಮೊದಲ ಪ್ರೋಗ್ರಾಂ ಬರೆದುಕೊಟ್ಟನು. 1980ರಲ್ಲಿ ಅದು ಬಳಕೆಗೆ ಬಂದಿತು. ಅದಕ್ಕೆ ಒಡೆಯನೂ ಇರಲಿಲ್ಲ, ಕೇಂದ್ರ ಕಚೇರಿಯೂ ಇರಲಿಲ್ಲ. ಒಂದು ಸಂಸ್ಥೆಯ ಗಣಕಯಂತ್ರವು ದೂರವಾಣಿ ದರ ಕಡಿಮೆಯಿರುವ ರಾತ್ರಿಯ ವೇಳೆಯಲ್ಲಿ ನೆರೆಯ ಸಂಸ್ಥೆಯ ಯಂತ್ರಕ್ಕೆ ಕರೆ ಮಾಡಿ ಹೊಸ ಸಂದೇಶಗಳನ್ನು ದಾಟಿಸುತ್ತಿತ್ತು; ಆ ಯಂತ್ರ ಮತ್ತೊಂದಕ್ಕೆ ದಾಟಿಸುತ್ತಿತ್ತು. ಹೀಗೆ ಒಂದೇ ಸಂದೇಶದ ಪ್ರತಿಗಳು ಸಾವಿರಾರು ಕಡೆ ನೆಲೆಗೊಳ್ಳುತ್ತಿದ್ದವು. ವಿಷಯವಾರು ವಿಂಗಡಿಸಿದ ಈ ಚರ್ಚೆಗಳಿಗೆ ನ್ಯೂಸ್‌ಗ್ರೂಪ್ ಎಂದು ಹೆಸರು.

ಆರಂಭದ ವರ್ಷಗಳಲ್ಲಿ ಬರೆಯುವವರ ಗುರುತು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತಿತ್ತು. ಪ್ರತಿ ಸಂದೇಶದ ತಲೆಯಲ್ಲಿ ಬರೆದವನ ಖಾತೆಯ ಹೆಸರೂ ಅವನ ವಿಶ್ವವಿದ್ಯಾಲಯದ ಅಥವಾ ಕಂಪನಿಯ ಯಂತ್ರದ ಹೆಸರೂ ದಾಖಲಾಗುತ್ತಿದ್ದುದರಿಂದ, ಮಾತು ಮಿತಿ ಮೀರಿದರೆ ಆ ಸಂಸ್ಥೆಯ ಗಣಕ ಉಸ್ತುವಾರಿಗೆ ದೂರು ಹೋಗಬಹುದಾಗಿತ್ತು, ಖಾತೆಯೂ ರದ್ದಾಗಬಹುದಾಗಿತ್ತು. ಇಷ್ಟಿದ್ದರೂ ಜಗಳಗಳಿಗೆ ಬರವಿರಲಿಲ್ಲ. ವಾದ ಬಿಟ್ಟು ವ್ಯಕ್ತಿಯನ್ನೇ ಸುಡುವಂತೆ ಬರೆಯುವುದಕ್ಕೆ ಫ್ಲೇಮ್ ಎಂಬ ಹೆಸರು ಆಗಲೇ ಚಾಲ್ತಿಯಲ್ಲಿತ್ತು. ಫ್ಲೇಮ್ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಸ್ವಂತ ಹೆಸರಿನಲ್ಲಿಯೇ, ತಮ್ಮ ಸಂಸ್ಥೆಯ ವಿಳಾಸ ಸಮೇತ ಬರೆಯುತ್ತಿದ್ದ ವಿದ್ಯಾವಂತರು.

ಅವರೇ ಕಂಡುಕೊಂಡ ಪರಿಹಾರಗಳೂ ಗಮನಾರ್ಹವಾಗಿವೆ. ನಗೆಹನಿಗಳ ನ್ಯೂಸ್‌ಗ್ರೂಪಿನಲ್ಲಿ ಯಾರಿಗಾದರೂ ನೋವಾಗಬಹುದಾದ ಹಾಸ್ಯವನ್ನು ರಾಟ್13 ಎಂಬ ಸರಳ ಗುಪ್ತಲಿಪಿಯಲ್ಲಿ ಬರೆಯುವ ರೂಢಿ 1980ರ ದಶಕದ ಮೊದಲಲ್ಲಿಯೇ ಬೆಳೆಯಿತು. ರೋಮನ್ ಲಿಪಿಯ 26 ಅಕ್ಷರಗಳಲ್ಲಿ ಪ್ರತಿಯೊಂದನ್ನೂ 13 ಸ್ಥಾನ ಸರಿಸಿ, ‘ಎ’ ಇದ್ದಲ್ಲಿ ‘ಎನ್’, ‘ಬಿ’ ಇದ್ದಲ್ಲಿ ‘ಓ’ ಎಂದು ಬರೆದರೆ ಸಾಲು ಅರ್ಥಹೀನವಾಗಿ ತೋರುತ್ತದೆ. ಇನ್ನೊಮ್ಮೆ ಅಷ್ಟೇ ಸರಿಸಿದರೆ ಮೂಲ ಮರಳುತ್ತದೆ. ಇದರಲ್ಲಿ ಮುಚ್ಚಿಡುವ ಉದ್ದೇಶವೇನೂ ಇರಲಿಲ್ಲ. ಓದಲೇಬೇಕೆಂದು ಗುಂಡಿ ಒತ್ತಿದವನು ಆಮೇಲೆ ದೂರುವಂತಿಲ್ಲ ಎಂಬುದಷ್ಟೇ ಅದರ ಮರ್ಮ. 1984ರಲ್ಲಿ ಲ್ಯಾರಿ ವಾಲ್ ಬರೆದ ‘ಆರ್‌ಎನ್’ ಎಂಬ ಓದುವ ಪ್ರೋಗ್ರಾಂನಲ್ಲಿ ಕಿಲ್ ಫೈಲ್ ಎಂಬ ಸೌಕರ್ಯವಿದ್ದು, ಬೇಡವಾದ ವಿಷಯಗಳನ್ನು ಅದರಲ್ಲಿ ನಮೂದಿಸಿದರೆ ಅವು ಮುಂದೆ ಆ ಓದುಗನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮಾತನ್ನು ಮುಂಚಿತವಾಗಿಯೇ ಸೋಸುವ ಮಾಡರೇಟರ್ ಎಂಬ ಹುದ್ದೆ ರೂಪುಗೊಂಡದ್ದು ಅದೇ ದಶಕದ ನಡುವಿನಲ್ಲಿ. ಮಾಡರೇಟರ್ ಇರುವ ನ್ಯೂಸ್‌ಗ್ರೂಪಿಗೆ ಕಳಿಸಿದ ಸಂದೇಶ ನೇರವಾಗಿ ಪ್ರಕಟವಾಗದೆ ಅವನ ಅಂಚೆಪೆಟ್ಟಿಗೆಗೆ ಹೋಗುತ್ತಿತ್ತು. ಅವನು ಓದಿ, ಒಪ್ಪಿಗೆಯಾದರೆ ತಲೆಯ ಭಾಗದಲ್ಲಿ ‘ಅಪ್ರೂವ್ಡ್’ ಎಂಬ ಒಂದು ಸಾಲು ಸೇರಿಸಿ ಬಿಡುಗಡೆ ಮಾಡುತ್ತಿದ್ದನು. ಈ ಸಾಲನ್ನು ಯಾರು ಬೇಕಾದರೂ ತಾವೇ ಬೆರಳಚ್ಚಿಸಿ ಸೇರಿಸಬಹುದಾಗಿತ್ತು ಎಂಬುದು ಸ್ವಾರಸ್ಯಕರ ಸಂಗತಿ. ಹಾಗೆ ಮಾಡುವವರು ಇಲ್ಲದಿರಲಿಲ್ಲವಾದರೂ ಆ ವ್ಯವಸ್ಥೆ ಬಹುಕಾಲ ನಡೆದುಕೊಂಡು ಬಂತು. ಬೀಗಕ್ಕಿಂತ ಹೆಚ್ಚಾಗಿ ಮರ್ಯಾದೆಯೇ ಅದನ್ನು ಕಾಯುತ್ತಿತ್ತು. ಗಣಕ ವ್ಯವಸ್ಥೆಗಳಿಂದ ಸಮಾಜಕ್ಕೊದಗುವ ಅಪಾಯಗಳ ಕುರಿತು ಪೀಟರ್ ನ್ಯೂಮನ್ 1985ರಲ್ಲಿ ಆರಂಭಿಸಿ ದಶಕಗಳ ಕಾಲ ನಡೆಸಿದ ‘ರಿಸ್ಕ್ಸ್’ ಚರ್ಚೆ, ಒಬ್ಬ ಎಚ್ಚರದ ಮಾಡರೇಟರನಿಂದ ಏನು ಸಾಧ್ಯ ಎಂಬುದಕ್ಕೆ ಇಂದಿಗೂ ಒಳ್ಳೆಯ ನಿದರ್ಶನವಾಗಿದೆ. ಆದರೆ ಮಾಡರೇಟರ್ ಇಲ್ಲದ ಗುಂಪುಗಳೇ ಹೆಚ್ಚು. 1990ರ ದಶಕದಲ್ಲಿ ಹೊರದೇಶದ ಕನ್ನಡಿಗರು ರೋಮನ್ ಲಿಪಿಯಲ್ಲಿ ಕನ್ನಡ ಬರೆದುಕೊಂಡು ಕಲೆಯುತ್ತಿದ್ದ ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಇದೇ ಯೂಸ್‌ನೆಟ್‌ನ ಒಂದು ಗುಂಪಾಗಿತ್ತು.

ಅನಾಮಧೇಯತೆಯ ಪ್ರಶ್ನೆ ತೀವ್ರವಾದದ್ದು ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ ಆರಂಭಿಸಿದ ‘ಪೆನೆಟ್’ ಸೇವೆಯಿಂದ. ಎಲ್ಲರೂ ನಿಜನಾಮದಿಂದಲೇ ಬರೆಯಬೇಕೆಂಬ ವಾದ ಆ ದೇಶದ ನ್ಯೂಸ್‌ಗ್ರೂಪುಗಳಲ್ಲಿ ಎದ್ದಾಗ ಅದಕ್ಕೆ ಪ್ರತಿಯಾಗಿ ಅವನು ಸ್ಥಾಪಿಸಿದ ಈ ಸೇವೆಯು, ಬಂದ ಸಂದೇಶದಿಂದ ಕಳಿಸಿದವನ ಹೆಸರು ವಿಳಾಸಗಳನ್ನು ತೆಗೆದು, ಬದಲಿಗೆ ಒಂದು ಸಂಖ್ಯೆಯನ್ನಿಟ್ಟು ಮುಂದಕ್ಕೆ ಕಳಿಸುತ್ತಿತ್ತು. ಉತ್ತರ ಬಂದರೆ ಅದನ್ನೂ ಹಾಗೆಯೇ ತಲುಪಿಸುತ್ತಿತ್ತು. ಸಾಮಾನ್ಯ ಮೂಗರ್ಜಿಗೂ ಇದಕ್ಕೂ ಇದ್ದ ವ್ಯತ್ಯಾಸವೆಂದರೆ, ಮೂಗರ್ಜಿ ಬರೆದವನಿಗೆ ಮರುತ್ತರ ಕೊಡಲಾಗದು, ಪೆನೆಟ್‌ನ ಸಂಖ್ಯೆಗೆ ಕೊಡಬಹುದಾಗಿತ್ತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪರಸ್ಪರ ಧೈರ್ಯ ಹೇಳಿಕೊಳ್ಳುತ್ತಿದ್ದ ಗುಂಪಿನಲ್ಲಿ ಅನೇಕರು ಬರೆಯಲು ಮುಂದಾದದ್ದು ಇದರ ಆಸರೆಯಿಂದಲೇ. ನಿಂದಕರೂ ಇದನ್ನು ಬಳಸಿದರು. ದೂರು ಬಂದಾಗ ಹೆಲ್ಸಿಂಗಿಯಸ್ ಅಂತಹವರ ದಾರಿ ಮುಚ್ಚುತ್ತಿದ್ದನು. ಅಂದರೆ ಬರೆದವನ ಹೆಸರು ಅಡಗಿದ್ದರೂ ದಾಟಿಸುವವನ ಹೆಸರು ಲೋಕಕ್ಕೆಲ್ಲ ಗೊತ್ತಿತ್ತು.

ಹೆಸರಿಲ್ಲದ ಸಂದೇಶಗಳನ್ನು ಒಪ್ಪದ ಅಮೆರಿಕದ ಆಡಳಿತಗಾರನೊಬ್ಬನು ಅವುಗಳನ್ನು ತಾನಾಗಿಯೇ ಅಳಿಸಿಹಾಕುವ ಪ್ರೋಗ್ರಾಂ ಬರೆದು 1993ರ ಮಾರ್ಚ್ 31ರಂದು ಚಾಲನೆಗೊಳಿಸಿದನು. ದೋಷವಿದ್ದ ಆ ಪ್ರೋಗ್ರಾಂ ತನ್ನದೇ ಸಂದೇಶಗಳಿಗೆ ತಾನೇ ಪ್ರತಿಕ್ರಿಯಿಸುತ್ತ ಹೋಗಿ, ಯೂಸ್‌ನೆಟ್‌ನ ನೀತಿನಿಯಮಗಳನ್ನು ಚರ್ಚಿಸುವ ಗುಂಪಿನಲ್ಲಿ ಸುಮಾರು 200 ಸಂದೇಶಗಳನ್ನು ಸುರಿಯಿತು. ಸ್ವಚ್ಛಗೊಳಿಸಲು ಹೊರಟದ್ದೇ ಕಸವಾಯಿತು. ಮರುವರ್ಷದ ಏಪ್ರಿಲ್ 12ರಂದು ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ವಲಸಿಗರ ಗ್ರೀನ್ ಕಾರ್ಡ್ ಲಾಟರಿಗೆ ಸಂಬಂಧಿಸಿದ ತಮ್ಮ ಸೇವೆಯ ಜಾಹೀರಾತನ್ನು ವಿಷಯದ ಗೊಡವೆಯಿಲ್ಲದೆ ಸಾವಿರಾರು ಗುಂಪುಗಳಿಗೆ ಹಾಕಿದರು. ಅವರು ಹೆಸರನ್ನು ಮರೆಸಲಿಲ್ಲ. ಪಶ್ಚಾತ್ತಾಪವನ್ನೂ ತೋರದೆ, ಇದೇ ಬಗೆಯ ವ್ಯಾಪಾರವನ್ನು ಕುರಿತು ಪುಸ್ತಕವನ್ನೂ ಬರೆದರು. ಇಂತಹ ಜಾಹೀರಾತುಗಳನ್ನು ಮುಂದೆ ಅಳಿಸಿಹಾಕಿದವರಲ್ಲಿ ಹೆಚ್ಚು ಹೆಸರಾದವನು ‘ಕ್ಯಾನ್ಸಲ್‌ಮೂಸ್’ ಎಂಬ ಗುಪ್ತನಾಮದವನು. ತಾನು ಅಳಿಸಿದ್ದೇನು, ಏಕೆ ಎಂಬುದನ್ನು ಪ್ರಕಟಿಸಿಯೇ ಕೆಲಸ ಮಾಡುತ್ತಿದ್ದ ಅವನನ್ನು ಆ ಸಮುದಾಯ ಬಹುಮಟ್ಟಿಗೆ ನಂಬಿತು. ಹೆಸರಿದ್ದವರು ಹಾಳುಗೆಡವಿದ್ದನ್ನು ಹೆಸರಿಲ್ಲದವನು ಸರಿಪಡಿಸಿದ ಈ ಪ್ರಸಂಗವೊಂದೇ ನಿಜನಾಮದ ವಾದವನ್ನು ಸಡಿಲಗೊಳಿಸಲು ಸಾಕು.

ಪೆನೆಟ್‌ನ ಅಂತ್ಯ ಕಾನೂನಿನ ಕೈಯಲ್ಲಾಯಿತು. 1995ರಲ್ಲಿ ಸೈಂಟಾಲಜಿ ಪಂಥದ ದೂರಿನ ಮೇಲೆ ಪೊಲೀಸರು ಕೇಳಿದಾಗ ಹೆಲ್ಸಿಂಗಿಯಸ್ ಒಬ್ಬ ಬಳಕೆದಾರನ ವಿಳಾಸವನ್ನು ಕೊಡಬೇಕಾಯಿತು. ಮರುವರ್ಷ ಮತ್ತೊಂದು ಪ್ರಕರಣದಲ್ಲಿ ನ್ಯಾಯಾಲಯವೂ ಅವನಿಗೆ ವಿರುದ್ಧವಾಗಿ ತೀರ್ಪಿತ್ತಿತು. ಗುಟ್ಟು ಕಾಯಲಾಗದೆಂದು ಮನಗಂಡ ಅವನು 1996ರ ಆಗಸ್ಟ್ 30ರಂದು ಸೇವೆಯನ್ನು ಮುಚ್ಚಿದನು.

ನಡುವಿನವನ ಹೊಣೆ ಎಷ್ಟೆಂಬ ಪ್ರಶ್ನೆಯನ್ನು ಯೂಸ್‌ನೆಟ್‌ನ ಹೊರಗೆ ಅಮೆರಿಕದ ನ್ಯಾಯಾಲಯಗಳು ವಿಚಿತ್ರವಾಗಿ ಬಗೆಹರಿಸಿದ್ದವು. ಚರ್ಚೆಯನ್ನು ಸೋಸದೆ ಬಿಟ್ಟಿದ್ದ ಕಂಪ್ಯುಸರ್ವ್ ಸಂಸ್ಥೆ 1991ರಲ್ಲಿ ಹೊಣೆಯಿಂದ ಪಾರಾಯಿತು. ಅಸಭ್ಯ ಸಂದೇಶಗಳನ್ನು ತೆಗೆದುಹಾಕುವುದಾಗಿ ಹೇಳಿಕೊಂಡಿದ್ದ ಪ್ರಾಡಿಜಿ ಸಂಸ್ಥೆ, ಹಾಗೆ ಸೋಸುವ ಕಾರಣಕ್ಕಾಗಿಯೇ ಪ್ರಕಾಶಕನೆನಿಸಿ, ಅನಾಮಿಕನೊಬ್ಬನ ಮಾನಹಾನಿಕರ ಸಂದೇಶಕ್ಕೆ 1995ರಲ್ಲಿ ಹೊಣೆ ಹೊರಬೇಕಾಯಿತು. ಅಂಗಳ ಗುಡಿಸಿದವನಿಗೇ ದಂಡ ಎಂಬಂತಿದ್ದ ಈ ಸ್ಥಿತಿಯನ್ನು ಅಲ್ಲಿನ ಸಂವಹನ ಕಾಯ್ದೆಗೆ ಸೇರಿ 1996ರ ಫೆಬ್ರವರಿಯಲ್ಲಿ ಜಾರಿಗೆ ಬಂದ 230ನೆಯ ಸೆಕ್ಷನ್ ಸರಿಪಡಿಸಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಸೆಕ್ಷನ್, ಇತರರ ಬರಹಕ್ಕೆ ಎಡೆ ಕೊಡುವ ಮಧ್ಯವರ್ತಿಗೆ ರಕ್ಷಣೆ ಸಿಗಬೇಕಾದರೆ ಅವನು ಆ ಬರಹವನ್ನು ಆಯ್ದಿರಬಾರದು, ಮಾರ್ಪಡಿಸಿಯೂ ಇರಬಾರದು ಎನ್ನುತ್ತದೆ. ನಿಷಿದ್ಧ ಬರಹವನ್ನು ಅವನು ತೆಗೆದುಹಾಕಿದರೆ ಅದರಿಂದ ಈ ಷರತ್ತು ಮುರಿದಂತಾಗದು ಎಂಬ ಸ್ಪಷ್ಟನೆ 2021ರ ನಿಯಮಗಳಲ್ಲಿದೆ.