ಆತಪ, ಉದ್ಯೋತ, ಬೆಳ್ದಿಂಗಳು: ಜ್ಯೋತಿರ್ಲೋಕದ ಕೆಲವು ಪದಗಳ ಅರ್ಥವಿಚಾರ

ಕರಣಾನುಯೋಗದ ಗ್ರಂಥಗಳನ್ನು ಓಲೆಯಿಂದ ಕಾಗದಕ್ಕೆ ಇಳಿಸುವವರು ಅಂಕಿಗಳ ವಿಷಯದಲ್ಲಿ ವಹಿಸುವ ಎಚ್ಚರವನ್ನು ಸಾಮಾನ್ಯವೆಂದು ತೋರುವ ಪದಗಳ ವಿಷಯದಲ್ಲಿ ವಹಿಸುವುದು ಕಡಿಮೆ. ಯೋಜನದ ಸಂಖ್ಯೆಯೊಂದು ತಪ್ಪಿದರೆ ಮುಂದಿನ ಲೆಕ್ಕವೇ ಅದನ್ನು ತೋರಿಸಿಕೊಡುತ್ತದೆ. ಬೆಳಕನ್ನು ಹೇಳುವ ಪದವೊಂದರ ಸ್ಥಾನದಲ್ಲಿ ಅದರ ಪರ್ಯಾಯವೆಂದು ತೋರುವ ಬೇರೊಂದು ಪದ ಬಂದು ಕುಳಿತರೆ ವಾಕ್ಯ ಕೆಡುವುದಿಲ್ಲ. ಸಿದ್ಧಾಂತ ಮಾತ್ರ ಕೆಡುತ್ತದೆ. ಅಂತಹ ಕೆಲವು ಪದಗಳನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದ್ದು ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ಮೂಡಿಗೆರೆ ತಾಲೂಕಿನ ಗೋಣಿಬೀಡಿನಲ್ಲಿ, ತೋಟದ ಮನೆಯೊಂದರಲ್ಲಿ ಇಳಿದುಕೊಂಡು, ತ್ರಿಲೋಕಸಾರದ ಜ್ಯೋತಿರ್ಲೋಕಾಧಿಕಾರಕ್ಕೆ ಕನ್ನಡ ಪದಕೋಶವೊಂದನ್ನು ಸಿದ್ಧಪಡಿಸುತ್ತಿದ್ದೆ. ಆತಪ ಎಂಬುದರ ಮುಂದೆ ‘ಪ್ರಕಾಶ’ ಎಂದು ಬರೆದಿದ್ದೆ. ಉದ್ಯೋತ ಎಂಬುದರ ಮುಂದೆಯೂ ‘ಪ್ರಕಾಶ’ ಎಂದೇ ಬರೆದಿದ್ದೆ. ಕಾಫಿ ಕೊಯ್ಲಿನ ಕಾಲ. ಮನೆಯ ಹಿರಿಯರು ಕಣದಲ್ಲಿ ಹರಡಿದ್ದ ಹಣ್ಣನ್ನು ಸಂಜೆ ಗುಡ್ಡೆ ಮಾಡಿಸಿ, ಮಂಜು ಬೀಳದಂತೆ ಮುಚ್ಚಿಸಿ ಬಂದು ಕುಳಿತರು. ನಾನು ಓದಿದ ಎರಡು ಸಾಲುಗಳನ್ನು ಕೇಳಿ, “ಪಂಡಿತರೆ, ಎರಡೂ ಒಂದೇ ಆದರೆ ಬೆಳ್ದಿಂಗಳಿನಲ್ಲಿ ಹರಡಿದ ಕಾಫಿ ಒಣಗಬೇಕಲ್ಲ?” ಎಂದರು. ಅವರು ಗಾಥೆಗಳನ್ನು ಓದಿದವರಲ್ಲ. ಆದರೆ ಆ ಪ್ರಶ್ನೆಗೆ ನನ್ನ ಪದಕೋಶದಲ್ಲಿ ಉತ್ತರವಿರಲಿಲ್ಲ.

ಮೊದಲು ಜ್ಯೋತಿಷ್ಕ ಎಂಬ ಪದವನ್ನೇ ನೋಡಬಹುದು. ಜ್ಯೋತಿಸ್ಸೇ ಸ್ವಭಾವವಾಗಿರುವುದರಿಂದ ಈ ದೇವನಿಕಾಯಕ್ಕೆ ಆ ಹೆಸರೆಂಬುದು ಪೂಜ್ಯಪಾದರ ವಿವರಣೆ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕತಾರಕ ಎಂದು ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯ ಐದು ಭೇದಗಳನ್ನು ಹೇಳುತ್ತದೆ. ಇಂದಿನ ಕನ್ನಡದಲ್ಲಿ ನಕ್ಷತ್ರ, ತಾರೆ, ಚುಕ್ಕಿ ಎಂಬುವು ಒಂದೇ ಅರ್ಥದಲ್ಲಿ ನಡೆಯುತ್ತವೆ. ಅಮರಕೋಶವೂ ನಕ್ಷತ್ರ, ಋಕ್ಷ, ಭ, ತಾರಾ, ತಾರಕಾ, ಉಡು ಎಂಬುವನ್ನು ಒಂದೇ ಗುಂಪಿನಲ್ಲಿ ಇರಿಸಿದೆ. ಆಗಮದ ಲೆಕ್ಕದಲ್ಲಿ ಇದು ಸಲ್ಲುವುದಿಲ್ಲ. ಒಬ್ಬ ಚಂದ್ರನ ಪರಿವಾರದಲ್ಲಿ ಗ್ರಹಗಳು ೮೮, ಅಭಿಜಿತ್ತನ್ನು ಸೇರಿಸಿ ನಕ್ಷತ್ರಗಳು ೨೮, ತಾರೆಗಳು ೬೬,೯೭೫ ಕೋಟಾಕೋಟಿ. ಸಮಭೂಮಿಯಿಂದ ೭೯೦ ಯೋಜನದ ಎತ್ತರದಲ್ಲಿ ತಾರೆಗಳು ಮೊದಲಾಗುತ್ತವೆ, ೮೦೦ರಲ್ಲಿ ಸೂರ್ಯ, ೮೮೦ರಲ್ಲಿ ಚಂದ್ರ, ೮೮೪ರಲ್ಲಿ ನಕ್ಷತ್ರಗಳು, ೯೦೦ರಲ್ಲಿ ಶನಿ. ಲಿಪಿಕಾರನು ತಾರಕ ಎಂಬಲ್ಲಿ ನಕ್ಷತ್ರವೆಂದು ಬರೆದರೆ ೨೮ ಇರುವಲ್ಲಿ ಕೋಟಾಕೋಟಿ ಬಂದು ನಿಲ್ಲುತ್ತದೆ. ೭೯೦ ಮತ್ತು ೮೮೪ ಒಂದರೊಳಗೊಂದು ಬೆರೆಯುತ್ತವೆ.

ನಕ್ಷತ್ರ ಮತ್ತು ತಾರೆಗಳ ಸಂಬಂಧ ಇನ್ನೊಂದು ಬಗೆಯಲ್ಲಿಯೂ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಕೃತ್ತಿಕೆಗೆ ಆರು ತಾರೆ, ರೋಹಿಣಿಗೆ ಐದು, ಆರ್ದ್ರೆಗೆ ಒಂದು, ಚಿತ್ತೆಗೆ ಒಂದು ಎಂದು ಎಣಿಸುವಾಗ ನಕ್ಷತ್ರವು ತನ್ನ ತಾರೆಗಳಿಂದ ಗುರುತಾಗುವ ಸ್ಥಾನವಾಗುತ್ತದೆ. ನಕ್ಷತ್ರ ಶಬ್ದವನ್ನು ‘ಕ್ಷಯವಿಲ್ಲದುದು’ ಎಂದು ವೈಯಾಕರಣರು ಬಿಡಿಸುತ್ತಾರೆ. ತಾರಾ ಶಬ್ದಕ್ಕೆ ದಾಟುವುದೆಂಬ ಅರ್ಥದ ತೄ ಧಾತುವನ್ನು ಹೇಳುವುದು ವಾಡಿಕೆಯಾದರೂ ಋಗ್ವೇದದಲ್ಲಿ ಸಕಾರದಿಂದ ಮೊದಲಾಗುವ ಸ್ತೃ ಎಂಬ ರೂಪವೂ ಇದೆ. ಈ ನಿಷ್ಪತ್ತಿಗಳಲ್ಲಿ ಯಾವುದೂ ಎರಡು ಪದಗಳನ್ನು ಒಂದಾಗಿಸುವುದಿಲ್ಲ.

ಜ್ಯೋತಿಷ್ಕರ ಗತಿಯಿಂದ ಕಾಲವಿಭಾಗವಾಗುತ್ತದೆಂಬ ಸೂತ್ರಾರ್ಥವನ್ನು ತಿಳಿಯಬೇಕಾದರೆ ಮಲೆನಾಡಿನ ಮಳೆಗಾಲವನ್ನು ನೋಡಬೇಕು. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಒಕ್ಕಲಿಗನು ನಕ್ಷತ್ರಗಳನ್ನು ಎಣಿಸುವುದು ಆಕಾಶದಲ್ಲಿ ಒಂದು ಚುಕ್ಕಿಯೂ ಕಾಣದ ತಿಂಗಳುಗಳಲ್ಲಿಯೇ. ಅಲ್ಲಿ ನಕ್ಷತ್ರವೆಂದರೆ ಸೂರ್ಯನಿರುವ ಸ್ಥಾನ, ಅದರಿಂದ ಗೊತ್ತಾಗುವ ಕಾಲ, ಹೊಳೆಯುವ ಬಿಂದುವಲ್ಲ. ಹೊಳೆಯುವ ಬಿಂದುವಿಗೆ ಕನ್ನಡದಲ್ಲಿ ಬೇರೆಯೇ ಹೆಸರುಗಳಿದ್ದುವು: ಹಳಗನ್ನಡದ ಅರಿಲ್, ಇಂದಿಗೂ ಉಳಿದಿರುವ ಚುಕ್ಕಿ. ಜನರ ಆಡುಮಾತು ನಕ್ಷತ್ರ ಮತ್ತು ತಾರೆಗಳ ಭೇದವನ್ನು ಹೀಗೆ ತನಗೆ ತಿಳಿಯದೆಯೇ ಕಾಪಾಡಿಕೊಂಡು ಬಂದಿದೆ.

ಇನ್ನು ಆತಪ ಮತ್ತು ಉದ್ಯೋತ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಇವೆರಡೂ ಪುದ್ಗಲದ ಪರ್ಯಾಯಗಳಾಗಿ ಬೇರೆಬೇರೆಯಾಗಿ ಪಠಿತವಾಗಿವೆ. ಎಂಟನೆಯ ಅಧ್ಯಾಯದಲ್ಲಿ ನಾಮಕರ್ಮದ ಪ್ರಕೃತಿಗಳಾಗಿಯೂ ಬೇರೆಬೇರೆಯೇ. ಪೂಜ್ಯಪಾದರು ಆತಪಕ್ಕೆ ಆದಿತ್ಯನನ್ನೂ ಉದ್ಯೋತಕ್ಕೆ ಚಂದ್ರ, ಖದ್ಯೋತ ಮೊದಲಾದುವನ್ನೂ ಉದಾಹರಿಸುತ್ತಾರೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಮೂರು ಕೋಟಿಗಳನ್ನು ಮಾಡಿದ್ದಾರೆ. ಅಗ್ನಿಯು ಮೂಲದಲ್ಲಿಯೇ ಉಷ್ಣ. ಆತಪದಲ್ಲಿ ಉಷ್ಣತೆಯಿರುವುದು ಪ್ರಭೆಯಲ್ಲಿ. ಅದು ಸೂರ್ಯಬಿಂಬದ ಪೃಥ್ವೀಕಾಯಿಕ ಜೀವಗಳಿಗೆ ಸೇರಿದ್ದು. ಉದ್ಯೋತವು ಉಷ್ಣತೆಯಿಲ್ಲದ ಪ್ರಭೆ. ಶ್ವೇತಾಂಬರ ಪರಂಪರೆಯ ದೇವೇಂದ್ರಸೂರಿಗಳೂ ತಮ್ಮ ಕರ್ಮಗ್ರಂಥದಲ್ಲಿ ಉದ್ಯೋತವನ್ನು ಉಷ್ಣವಲ್ಲದ ಪ್ರಕಾಶವೆಂದೇ ಹೇಳಿ ಜ್ಯೋತಿಷ್ಕಗಳನ್ನೂ ಖದ್ಯೋತವನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಎರಡು ಸಂಪ್ರದಾಯಗಳಿಗೂ ಈ ಅರ್ಥದಲ್ಲಿ ಭೇದವಿಲ್ಲ.

ಮುಂಗಾರಿಗೆ ಮುನ್ನ ಗೋಣಿಬೀಡಿನ ಕಡೆಯ ಮರಗಳಲ್ಲಿ ಮಿಂಚುಹುಳುಗಳನ್ನು ಕಂಡವರಿಗೆ ಈ ಉದಾಹರಣೆಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅಂಗೈಯಲ್ಲಿ ಹಿಡಿದರೆ ಬೆಳಕುಂಟು, ಸುಡುವುದಿಲ್ಲ. ಖದ್ಯೋತ ಮತ್ತು ಉದ್ಯೋತ ಎಂಬೆರಡೂ ದ್ಯುತ್ ಧಾತುವಿನ ಮಕ್ಕಳೆಂಬುದೂ ಗಮನಾರ್ಹ.

ಹಾಗಾದರೆ ಗೊಂದಲ ಎಲ್ಲಿಂದ ಬಂದಿತು? ಕೋಶಗಳಿಂದ ಎಂದು ನನ್ನ ಎಣಿಕೆ. ಅಮರಸಿಂಹನು ಪ್ರಕಾಶ, ದ್ಯೋತ, ಆತಪ ಎಂಬ ಮೂರನ್ನು ಒಂದೇ ಕಡೆ ಹೇಳಿದ್ದಾನೆ. ಕಾವ್ಯಕ್ಕೆ ಅದು ಸಾಕು. ಅಮರವನ್ನು ಬಾಯಿಪಾಠ ಮಾಡಿ ಬೆಳೆದ ನಮ್ಮಂಥವರು ಸಿದ್ಧಾಂತಗ್ರಂಥಕ್ಕೂ ಅದೇ ಕೈಗೋಲನ್ನು ಹಿಡಿದು ಹೋಗುತ್ತೇವೆ. ಪ್ರಾಕೃತದ ಆದಾವ ಮತ್ತು ಉಜ್ಜೋವ ಎಂಬ ರೂಪಗಳು ಸಂಸ್ಕೃತಛಾಯೆಯಲ್ಲಿ ಆತಪ ಮತ್ತು ಉದ್ಯೋತಗಳಾಗುವವರೆಗೆ ಸರಿಯಾಗಿಯೇ ಇರುತ್ತವೆ. ಛಾಯೆಯಿಂದ ಕನ್ನಡಕ್ಕೆ ಬರುವ ಕೊನೆಯ ಹೆಜ್ಜೆಯಲ್ಲಿ ಎರಡೂ ‘ಪ್ರಕಾಶ’ದಲ್ಲಿ ಮುಳುಗುತ್ತವೆ.

ಆಶ್ಚರ್ಯವೆಂದರೆ, ಆ ಕೊನೆಯ ಹೆಜ್ಜೆಗೆ ಬೇಕಾದ ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ. ಬಿಸಿಲು ಎಂಬುದರಲ್ಲಿ ಬಿಸಿಯಿದೆ. ಬೆಳ್ದಿಂಗಳು ಎಂಬುದು ಬೆಳ್ ಮತ್ತು ತಿಂಗಳ್ ಎಂಬುವು ಸೇರಿ ಆದುದು. ಅದರಲ್ಲಿ ಬಿಳುಪಿದೆ, ಬಿಸಿಯಿಲ್ಲ. ಬೆಂಕಿಯ ಮುಂದೆ ಕುಳಿತವನು ‘ಬಿಸಿಲು ಕಾಯಿಸುತ್ತೇನೆ’ ಎನ್ನುವುದಿಲ್ಲ. ಬೆಂಕಿಯದು ಕಾವು, ಝಳ. ಕಾವು, ಬಿಸಿಲು, ಬೆಳ್ದಿಂಗಳು ಎಂಬ ಮೂರು ಪದಗಳು ಕರ್ಮಕಾಂಡದ ಮೂರು ಕೋಟಿಗಳಿಗೆ ಸರಿಯಾಗಿ ಹೊಂದುತ್ತವೆ. ಇವು ಸಿದ್ಧಾಂತದಿಂದ ಹುಟ್ಟಿದ ಪದಗಳೆಂದು ನಾನು ಹೇಳುತ್ತಿಲ್ಲ. ಲೋಕಾನುಭವವೇ ಎರಡಕ್ಕೂ ಆಧಾರ. ಕೇಶವಣ್ಣನು ೧೩೫೯ರಲ್ಲಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದ್ದು ಸ್ಮರಣೀಯ. ಸಿದ್ಧಾಂತವನ್ನು ಹೇಳಲು ಕನ್ನಡಕ್ಕೆ ಶಕ್ತಿ ಸಾಲದೆಂಬ ಮಾತಿಗೆ ಆ ಕೃತಿಯೊಂದೇ ಸಾಕಾದ ಉತ್ತರ.

ತೇಜಸ್ಸಿನ ತಾರತಮ್ಯವನ್ನು ತ್ರಿಲೋಕಸಾರ ಕಿರಣಸಂಖ್ಯೆಯಿಂದ ಹೇಳುತ್ತದೆ. ಸೂರ್ಯನಿಗೂ ಚಂದ್ರನಿಗೂ ೧೨,೦೦೦ ಕಿರಣಗಳು. ಸಂಖ್ಯೆ ಸಮ, ಗುಣ ಬೇರೆ: ಒಂದು ಖರ, ಇನ್ನೊಂದು ಶೀತಲ. ಶುಕ್ರನಿಗೆ ೨,೫೦೦ ಕಿರಣಗಳು, ಅವು ತೀವ್ರ. ಉಳಿದವು ಮಂದಕಿರಣಗಳು. ಇಲ್ಲಿ ತೀವ್ರವೆಂಬುದನ್ನು ಉಷ್ಣವೆಂದು ತಿಳಿದರೆ ಶುಕ್ರನು ಆತಪದ ಕಡೆಗೆ ಜಾರುತ್ತಾನೆ. ತೀವ್ರತೆ ಉಜ್ವಲತೆಗೆ ಸಂಬಂಧಿಸಿದ್ದು. ಖರತೆಯೇ ಉಷ್ಣತೆಗೆ ಸಂಬಂಧಿಸಿದ್ದು. ಸೂರ್ಯಚಂದ್ರರನ್ನು ಬಿಟ್ಟರೆ ಗ್ರಹತಾರೆಗಳಲ್ಲಿ ಕಣ್ಣಿಗೆ ಅತ್ಯುಜ್ವಲವಾಗಿ ತೋರುವುದು ಶುಕ್ರನೇ. ಕನ್ನಡಿಗರು ಅವನನ್ನು ಬೆಳ್ಳಿ ಎಂದು ಕರೆದರು. ಅದೂ ಬೆಳ್ ಎಂಬ ಮೂಲದ್ದೇ, ಬೆಳ್ದಿಂಗಳಿನ ಒಡಹುಟ್ಟು. ಬೆಳ್ಳಿ ಮೂಡಿತೆಂದು ಎದ್ದವರು ಬಿಸಿಲು ಬಂತೆಂದು ಎಂದೂ ಭ್ರಮಿಸಿದವರಲ್ಲ.

ಮಂದಕಿರಣವನ್ನು ‘ಮಿನುಗುವುದು’ ಎಂದು ಅನುವಾದಿಸುವುದೂ ಸಾಧುವಲ್ಲ. ಮಂದವೆಂಬುದು ಪ್ರಮಾಣವನ್ನು ಹೇಳುತ್ತದೆ. ಮಿನುಗು ಎಂಬುದು ಬೆಳಕು ನಡುಗಿ ನಡುಗಿ ತೋರುವುದನ್ನು ಹೇಳುತ್ತದೆ. ತೊಳಗು ಎಂಬ ಹಳೆಯ ಧಾತುವಿನಲ್ಲಿ ಆ ನಡುಕವಿಲ್ಲ. ಮಿನುಗು ವಾಯುಮಂಡಲದ ಚಲನೆಯಿಂದ ನಮ್ಮ ಕಣ್ಣಿಗೆ ತೋರುವ ವಿಶೇಷವೆಂದು ಇಂದಿನ ಖಗೋಳವಿಜ್ಞಾನ ಹೇಳುತ್ತದೆ. ತಾರೆಗಳು ಸ್ವತಃ ಸೂರ್ಯನಂತೆ ಸುಡುವ ಕಾಯಗಳೆಂದೂ ಚಂದ್ರನದು ಸೂರ್ಯನ ಬೆಳಕಿನ ಪ್ರತಿಫಲನವೆಂದೂ ಅದು ಸ್ಥಾಪಿಸಿದೆ. ಅದನ್ನು ಅಲ್ಲಗಳೆಯುವುದಾಗಲಿ, ಪ್ರಾಚೀನ ಗಾಥೆಯೊಳಗೆ ಬಲಾತ್ಕಾರವಾಗಿ ತುರುಕುವುದಾಗಲಿ ಸಂಪಾದಕನ ಕೆಲಸವಲ್ಲ. ಗ್ರಂಥಕಾರನು ಯಾವ ಭೇದವನ್ನು ಮಾಡಿದನೋ ಅದು ಓದುಗನಿಗೆ ಮುಟ್ಟಬೇಕು. ಒಪ್ಪುವುದು, ಬಿಡುವುದು ಅನಂತರದ ಮಾತು.

ಗೋಣಿಬೀಡಿನ ಪರಿಸರ ಜೈನಪರಂಪರೆಗೆ ಹೊಸದಲ್ಲ. ಅದೇ ತಾಲೂಕಿನ ಅಂಗಡಿ, ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ, ಬಸದಿಗಳಿರುವ ಸ್ಥಳ. ಕಳಸದ ಕಡೆ ಆಳಿದ ಭೈರರಸರ ವಂಶದವನೇ ೧೪೩೨ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಇಂತಹ ನೆಲದ ಮನೆಮಾತಿನಲ್ಲಿ ಸಿದ್ಧಾಂತಕ್ಕೆ ಒದಗುವ ಪದಗಳು ಉಳಿದಿದ್ದರೆ ಅವನ್ನು ಗ್ರಾಮ್ಯವೆಂದು ತಳ್ಳದೆ ಕೋಶಕ್ಕೆ ಸೇರಿಸಿಕೊಳ್ಳುವುದು ನಮ್ಮ ಕರ್ತವ್ಯ. ಆ ಮಾತನ್ನಾಡುವ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಓಲೆಗೆ ಹುಳು ಬೀಳುವುದನ್ನು ಎಣ್ಣೆ ಹಚ್ಚಿ ತಡೆಯಬಹುದು, ಇದಕ್ಕೆ ಅಂತಹ ಉಪಾಯವಿಲ್ಲ.

ಆ ಪದಕೋಶವನ್ನು ನಾನು ತಿದ್ದಿದೆ. ಆತಪ: ಬಿಸಿಲು, ಉಷ್ಣಸಹಿತವಾದ ಪ್ರಭೆ. ಉದ್ಯೋತ: ಬೆಳ್ದಿಂಗಳಿನಂತೆ ಉಷ್ಣರಹಿತವಾದ ಪ್ರಭೆ. ತಾರಕ: ಚುಕ್ಕಿ. ನಕ್ಷತ್ರ: ನಕ್ಷತ್ರವೇ. ಜ್ಯೋತಿರ್ಲೋಕವನ್ನು ಕನ್ನಡದಲ್ಲಿ ಪ್ರಕಟಿಸಲು ಹೊರಟ ಸಂಪಾದಕರು ಇಷ್ಟನ್ನಾದರೂ ಪಾಲಿಸಿದರೆ ಅರ್ಥ ಉಳಿದೀತು. ಇದರಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುತ್ತೇನೆ. ತಿದ್ದಿಸಿಕೊಳ್ಳುವುದು ನನಗೆ ಹೊಸತಲ್ಲ.