ಉಣಕಲ್ಲಿನ ಓಣಿಯೊಳಗೊಂದು ಗುಡಿ

ಹುಬ್ಬಳ್ಳಿ–ಧಾರವಾಡದ ನಡುವಿನ ಹಳೇ ಪಿ.ಬಿ. ರಸ್ತೆಯಲ್ಲಿ ಓಡಾಡುವವರಿಗೆ ಉಣಕಲ್ ಎಂದರೆ ಕೆರೆ, ಇಲ್ಲವೇ ಸಿದ್ಧಪ್ಪಜ್ಜನ ಮಠ. ಚಂದ್ರಮೌಳೇಶ್ವರನ ಗುಡಿಗೆ ಹೋಗಬೇಕೆಂದರೆ ಊರೊಳಗೆ ನುಗ್ಗಿ, ಓಣಿ ಓಣಿ ಕೇಳುತ್ತ ಹೋಗಬೇಕು. ದೂರದಿಂದಲೇ ಗುರುತು ಹಿಡಿಯೋಣವೆಂದರೆ ಶಿಖರವಿಲ್ಲ. ಮನೆಗಳ ಸಾಲು ಮುಗಿಯುತ್ತಲೇ ಗುಡಿ ಎದುರಿಗೆ ನಿಂತಿರುತ್ತದೆ.

ಶಿವನ ಗುಡಿಗೆ ಸಾಮಾನ್ಯವಾಗಿ ಒಂದೇ ಮುಖ. ನಂದಿ, ನವರಂಗ, ಸುಕನಾಸಿ, ಗರ್ಭಗುಡಿ, ಎಲ್ಲವೂ ಒಂದೇ ಗೆರೆಯಲ್ಲಿ ಕೂತಿರುತ್ತವೆ. ಉಣಕಲ್ಲಿನ ಶಿಲ್ಪಿಗಳು ಆ ಗೆರೆ ಬಿಟ್ಟರು. ಇಲ್ಲಿರುವುದು ಚತುರ್ಮುಖ ಲಿಂಗ. ಅದಕ್ಕೆ ತಕ್ಕಂತೆ ನಾಲ್ಕೂ ದಿಕ್ಕಿಗೆ ಬಾಗಿಲು. ದೇವರಿಗೆ ಬೆನ್ನೇ ಇಲ್ಲವೆಂದ ಮೇಲೆ ಗುಡಿಗೆ ಹಿತ್ತಲೆಲ್ಲಿಯದು? ಬಾಗಿಲುಗಳ ಇಕ್ಕೆಲದಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಹೊರಗೋಡೆಯಲ್ಲಿ ಕುಣಿಯುವ ಗಣಪ, ಮಹಿಷಮರ್ದಿನಿ. ನನಗೆ ಮೂರ್ತಿಗಳಿಗಿಂತ ಈ ಜಾಲಂಧ್ರಗಳ ಮೇಲೇ ಹೆಚ್ಚು ಮೋಹ.

ಶೈಲಿಯಿಂದ ಇದು ಕಲ್ಯಾಣ ಚಾಲುಕ್ಯರ ಕಾಲದ, 11–12ನೆಯ ಶತಮಾನದ ಗುಡಿ. ಬಾದಾಮಿ, ಪಟ್ಟದಕಲ್ಲಿನವರು ದೊಡ್ಡ ಮರಳುಗಲ್ಲನ್ನು ಏರಿಸಿ ಕಟ್ಟಿದರೆ, ಈ ಕಾಲದ ಕುಶಲಿಗರು ನಮ್ಮ ಸೀಮೆಯ ಬಳಪದ ಕಲ್ಲಿಗೆ ಒಲಿದರು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ಈ ಕಲ್ಲಿನ ಆರಂಭದ ಗುಡಿಗಳಲ್ಲೊಂದು. ಗಣಿಯಿಂದ ತೆಗೆದಾಗ ಮೆದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಅದರಿಂದಲೇ ತಿರುಗಣಿಯಲ್ಲಿ ಕಡೆದಂಥ ಕಂಬಗಳು ಬಂದವು, ಗುಡಿಗಳ ಗಾತ್ರ ಕಿರಿದಾಗಿ ಕುಸುರಿ ಹೆಚ್ಚಿತು. ಈ ಸೀಮೆಯ ಪ್ರಾಚೀನ ಶಿಲಾಸಮೂಹಕ್ಕೆ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ‘ಧಾರವಾಡ’ದ ಹೆಸರನ್ನೇ ಇಟ್ಟ, ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮೂರು ಇರುವುದು ಫೇಡೆಯಿಂದಲ್ಲ, ಕಲ್ಲಿನಿಂದ.

ಈ ಗುಡಿ ಎದ್ದ ಶತಮಾನಗಳಲ್ಲೇ ಇಂಗ್ಲೆಂಡಿನ ನಾರ್ಮನ್ ದೊರೆಗಳ ಕಾಲದಲ್ಲಿ ಹಳ್ಳಿಹಳ್ಳಿಯ ಮರದ ಚರ್ಚುಗಳು ಕಲ್ಲಿನವಾದವು. ಅಲ್ಲಿನ ಊರ ಚರ್ಚಿಗೆ ಒಂದು ಅನುಕೂಲವಿತ್ತು: ಸುತ್ತಲಿನ ಅಂಗಳವೇ ಸ್ಮಶಾನವಾದ್ದರಿಂದ ಮನೆಗಳು ಗೋಡೆಗೆ ಬಂದು ಆತುಕೊಳ್ಳಲಿಲ್ಲ. ನಮ್ಮಲ್ಲಿ ಅಂಥ ಅಂತರವಿರಲಿಲ್ಲ. ಗುಡಿಯ ಪಕ್ಕದಲ್ಲಿ ಸಂಸಾರ ಹೂಡುವುದು ಭಾಗ್ಯವೆಂದೇ ಎಣಿಕೆ.

ಈಗ ತೊಡಕಾಗಿರುವುದೂ ಅದೇ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಮುಂದಿನ 200 ಮೀಟರಿಗೆ ಅನುಮತಿ ಬೇಕು. ಬಯಲಲ್ಲಿರುವ ಸ್ಮಾರಕಕ್ಕೆ ಇದು ಒಳ್ಳೆಯ ಕಾನೂನೇ. ಉಣಕಲ್ಲಿನಂಥ ಕಡೆ 100 ಮೀಟರ್ ಎಂದರೆ ಓಣಿಗೆ ಓಣಿಯೇ ಒಳಗೆ ಬಂತು. ಮನೆಯಲ್ಲಿ ಮಗನ ಮದುವೆಯಾಗಿ ಒಂದು ಖೋಲಿ ಎತ್ತಿಸಬೇಕೆಂದರೂ ಆತಂಕ. ಮನೆಗಳನ್ನು ಸ್ವಾಧೀನಪಡಿಸಿಕೊಂಡು ಗುಡಿಯ ಸುತ್ತ ಜಾಗ ಬಿಡಿಸುವ ಮಾತೂ ಎದ್ದಿದೆ. 2011ರಲ್ಲಿ ಹಂಪಿಯ ಬಜಾರದ ಮಂಟಪಗಳಿಂದ ಕುಟುಂಬಗಳನ್ನು ಎಬ್ಬಿಸಿದ್ದನ್ನು ಕಂಡವರಿಗೆ ಇಂಥ ಮಾತು ಹಗುರವಾಗಿ ಕೇಳಿಸದು. ತೆಗೆಯಲೇಬೇಕಾದ ಮನೆಗಳಿದ್ದರೆ ತೆಗೆಯಲಿ. ಆದರೆ ಬದಲಿ ಜಾಗ ಉಣಕಲ್ಲಿನೊಳಗೇ ಸಿಗಲಿ, ಗುಡಿಗೆ ಬೆಳಗ್ಗೆ ನಡೆದು ಬರುವಷ್ಟು ಹತ್ತಿರ.